ಕಾವಲಿಗೆ ಬಂದ ಹೊಳಪು

ಮರಾಠಿ ನಾಡಿನ ಭೋಸರಿಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವಧೂತನ ಕೆಲಸವೆಂದರೆ ತಪ್ಪು ಹುಡುಕುವುದು. ಎರಕದ ತುಂಡನ್ನು ಕೈಯಲ್ಲಿ ತಿರುಗಿಸಿ, ಬೆರಳಾಡಿಸಿ, ತುಕ್ಕು ಕಂಡರೆ, ಒರಟು ಕಂಡರೆ, ಕರಿ ಕಂಡರೆ ಕೆಂಪು ಗೀಟು ಎಳೆದು ಪಕ್ಕಕ್ಕೆ ಹಾಕಬೇಕು. ಇದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು. ದಾಪೋಡಿಯ ಬಾಡಿಗೆ ಮನೆಯಲ್ಲಿ ಇದೇ ಕೆಲಸವನ್ನು ಅವನ ಹೆಂಡತಿ ದೀಕ್ಷಿತಾ ಪುಕ್ಕಟೆ ಮಾಡುತ್ತಿದ್ದಳು. ಅವಳ ಪಾಲಿಗೆ ಬಂದಿದ್ದ ತುಂಡು ಮಾತ್ರ ಒಂದೇ.

ಅವನು ಧಾರವಾಡದವನು. ಅವಳು ಉಡುಪಿ ಕಡೆಯ ಹೋಟೆಲಿನವರ ಮಗಳು. ಅವಳಪ್ಪ ಮಹಾಲಿಂಗ ಶೆಟ್ಟರು ಶಿವಾಜಿನಗರದಲ್ಲಿ, ಕೋರ್ಟಿನ ಹಿಂದಿನ ಓಣಿಯಲ್ಲಿ, ಗೆದ್ದವರಿಗೂ ಸೋತವರಿಗೂ ಒಂದೇ ಸಾಂಬಾರು ಬಡಿಸಿಕೊಂಡು ಬಂದವರು. ಅವಧೂತ ಅಲ್ಲಿ ದೋಸೆ ತಿನ್ನಲು ಹೋಗಿ ಅಳಿಯನಾದವನು. ರೊಟ್ಟಿಯ ನಾಡಿನ ಹುಡುಗ ದೋಸೆಯ ಮನೆಗೆ ಸೇರಿದ್ದಕ್ಕೆ ಅವನ ತಾಯಿ ಮೊದಲು ಒಂದಿಷ್ಟು ಮುಖ ಊದಿಸಿದ್ದರು. ಆಮೇಲೆ ನೀರುದೋಸೆ ತಿಂದು ಸುಮ್ಮನಾದರು.

ಒಂದು ಮಧ್ಯಾಹ್ನ ಕಂಪನಿಯವರು ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಉಪನ್ಯಾಸ ಕೊಡಿಸಿದರು. ಬಿಳಿ ಅಂಗಿಯ ಮನುಷ್ಯನೊಬ್ಬ ಮೈಕು ಹಿಡಿದು ಅತ್ತಿಂದಿತ್ತ ನಡೆಯುತ್ತ, ಜೀವನದ ಅರ್ಥ ದೊಡ್ಡ ದೊಡ್ಡ ಸಾಧನೆಗಳಲ್ಲಿಲ್ಲ, ದಿನನಿತ್ಯದ ಸಣ್ಣ ಕೆಲಸಗಳಲ್ಲಿದೆ ಎಂದ. ಕಸ ಗುಡಿಸಿದರೆ ಮನಸ್ಸಿನ ಕಸವೂ ಹೋಗುತ್ತದೆಯಂತೆ. ಕಾರ್ಖಾನೆ ಗುಡಿಸುವ ಹೆಂಗಸರನ್ನು ಮಾತ್ರ ಉಪನ್ಯಾಸಕ್ಕೆ ಕರೆದಿರಲಿಲ್ಲ. ಅವಧೂತನಿಗೆ ಅದು ಹೊಳೆಯಲೂ ಇಲ್ಲ. ಅವನು ಎದೆ ತುಂಬಿಕೊಂಡು ಮನೆಗೆ ಬಂದು, ಊಟ ಮಾಡುತ್ತ, ಇಡೀ ಉಪನ್ಯಾಸವನ್ನು ಹೆಂಡತಿಗೆ ಒಪ್ಪಿಸಿದ.

"ಚಂದ ಉಂಟು," ಎಂದಳು ದೀಕ್ಷಿತಾ. "ಸಿಂಕಿನಲ್ಲಿ ಅರ್ಥ ರಾಶಿ ಬಿದ್ದಿದೆ. ಹೋಗಿ ತೆಗಿ ನೋಡುವ."

"ನಾಳೆ ತಗೀತೀನಿ. ಇವತ್ತ ಭಾಳ ದಣದೀನಿ."

ನಾಳೆ ಎಂಬುದು ಬಹಳ ಬೇಗ ಬಂತು. ಆ ವಾರವೇ ಸ್ವಾರಗೇಟಿನ ಹತ್ತಿರ ದೀಕ್ಷಿತಾಳ ಸ್ಕೂಟರಿಗೆ ರಿಕ್ಷಾವೊಂದು ಅಡ್ಡ ಬಂದು, ಅವಳು ಬಿದ್ದು, ಬಲಗೈ ಮಣಿಕಟ್ಟು ಮುರಿಯಿತು. ಮೊಳಕೈವರೆಗೆ ಪ್ಲಾಸ್ಟರ್. ವಕೀಲರ ಆಫೀಸಿನಲ್ಲಿ ಟೈಪು ಮಾಡುವ ಕೈ ಅದು. ಆಫೀಸಿಗೆ ರಜೆ ಸಿಕ್ಕಿತು. ಅಡಿಗೆಮನೆಗೆ ರಜೆ ಎಲ್ಲಿಂದ ಬರಬೇಕು? ಅದು ಅವಧೂತನ ಕೊರಳಿಗೆ ಬಿತ್ತು.

ಮೊದಲ ಎರಡು ದಿನ ಅವನಿಗೆ ತನ್ನ ಬಗ್ಗೆಯೇ ಗೌರವ ಬಂದಿತ್ತು. ನಲ್ಲಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸಿದ, ಹಾಲು ಕಾಯಿಸಿದ, ಪಾತ್ರೆ ತಿಕ್ಕಿದ, ಬಟ್ಟೆ ಒಣಹಾಕಿದ. ಕಾರ್ಖಾನೆಯವರಂತೆ ಯಾವ ವಸ್ತು ಎಲ್ಲಿ ಎಂದು ಡಬ್ಬಿಗಳಿಗೆ ಚೀಟಿ ಅಂಟಿಸಿದ. ಮೂರನೆಯ ದಿನ ಅವನಿಗೆ ಒಂದು ಭಯಂಕರ ಸತ್ಯ ತಿಳಿಯಿತು. ತೊಳೆದಿಟ್ಟ ಪಾತ್ರೆ ಮತ್ತೆ ಹೊಲಸಾಗುತ್ತದೆ. ಗುಡಿಸಿದ ನೆಲಕ್ಕೆ ಮತ್ತೆ ಕಸ ಬರುತ್ತದೆ. ತುಂಬಿದ ಡ್ರಮ್ಮು ಖಾಲಿಯಾಗುತ್ತದೆ. ಕಾರ್ಖಾನೆಯಲ್ಲಿ ಅವನು ಪಾಸು ಮಾಡಿದ ತುಂಡು ಲಾರಿ ಹತ್ತಿ ಕಣ್ಮರೆಯಾಗುತ್ತಿತ್ತು. ಇಲ್ಲಿ ನಿನ್ನೆ ಪಾಸು ಮಾಡಿದ ಬೋಗುಣಿಯೇ ಇವತ್ತು ಮುಖಕ್ಕೆ ಮಸಿ ಮೆತ್ತಿಕೊಂಡು ಮತ್ತೆ ಎದುರು ಕೂತಿರುತ್ತಿತ್ತು.

"ಇದು ಮುಗಿಯೂದು ಯಾವಾಗ?" ಎಂದು ಒಂದು ಸಂಜೆ ಸಿಂಕಿನ ಮುಂದೆ ನಿಂತೇ ಕೇಳಿದ.

"ಎಂತದು?"

"ಇದು. ಪಾತ್ರಿ."

ದೀಕ್ಷಿತಾ ಕುರ್ಚಿಯ ಮೇಲೆ ಪ್ಲಾಸ್ಟರಿನ ಕೈಯನ್ನು ದಿಂಬಿಗೆ ಒರಗಿಸಿ ಕೂತಿದ್ದಳು. ಅವನನ್ನು ಕನಿಕರದಿಂದ ನೋಡಿದಳು. "ಮುಗಿಯುವುದಿಲ್ಲ ಮಾರಾಯ. ನಿನಗೆ ಯಾರೂ ಹೇಳಲಿಲ್ವಾ?"

ಅಂದಿನಿಂದ ಅವಧೂತನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಒಮ್ಮೆ ಮಾಡಿದರೆ ಮುಗಿದೇ ಹೋಗುವ ಕೆಲಸ ಒಂದಾದರೂ ಈ ಮನೆಯಲ್ಲಿ ಇರಬೇಕು. ಅದನ್ನು ಮಾಡಿ, ಇಗೋ ಇದು ಮುಗಿಯಿತು ಎಂದು ಕೈ ಕೊಡವಬೇಕು. ಹುಡುಕಿದವನ ಕಣ್ಣಿಗೆ ಕಾವಲಿ ಬಿತ್ತು.

ಅದು ದೀಕ್ಷಿತಾ ತವರಿನಿಂದ ತಂದ ದೋಸೆ ಕಾವಲಿ. ಎರಕದ ಕಬ್ಬಿಣದ್ದು, ಎರಡು ಕಿವಿಗಳದ್ದು, ಎತ್ತಿದರೆ ಭುಜ ಜಗ್ಗುವಷ್ಟು ಭಾರ. ಅವಳಜ್ಜಿಯ ಕೈಯಲ್ಲಿದ್ದು, ಅವಳಮ್ಮ ಲೀಲಾಕ್ಷಿಯ ಕೈಗೆ ಬಂದು, ಮದುವೆಯಾದ ಮೇಲೆ ಇವಳ ಪಾಲಿಗೆ ಬಂದಿತ್ತು. ಅಮಾವಾಸ್ಯೆಯಂಥ ಕರಿ. ದೋಸೆ ಹೊಯ್ದಾದ ಮೇಲೆ ಅವಳು ಅದನ್ನು ತೊಳೆಯುತ್ತಲೇ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸುತ್ತಿದ್ದಳು. ಈಗ ಎಡಗೈಯಲ್ಲೇ ಒಂದೆರಡು ದೋಸೆ ಹೊಯ್ದು ಅವನಿಗೂ ಅಷ್ಟೇ ಹೇಳಿದ್ದಳು, "ಕಾವಲಿ ಒರೆಸಿಡು, ಸಾಕು." ಕೈ ನೋವಿನಲ್ಲಿರುವ ಹೆಂಗಸು ಗಂಡನಿಗೆ ಹೆಚ್ಚು ಕೆಲಸ ಹಚ್ಚಬಾರದೆಂದು ಹಾಗೆ ಹೇಳುತ್ತಿದ್ದಾಳೆ ಎಂದು ಅವಧೂತ ತಿಳಿದ. ಅವನ ತಾಯಿಯ ರೊಟ್ಟಿ ಹಂಚಿಗೆ ಎಣ್ಣೆ ಸೋಂಕಿದ್ದೇ ಇಲ್ಲ. ಎಣ್ಣೆ ಕುಡಿದ ಕಬ್ಬಿಣವೆಂದರೆ ಏನೆಂದು ಅವನಿಗೆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಕಾರ್ಖಾನೆಯಲ್ಲಿ ಕಲಿಸಿದ್ದು ಇಷ್ಟೇ: ಎರಕದ ಮೇಲೆ ಕರಿ ಕಂಡರೆ ಅದು ತಪ್ಪು.

ಮರುದಿನ ಅವನು ಕಾವಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಬ್ಯಾಗಿನಲ್ಲಿ ತುರುಕಿ, ಹೆಂಡತಿ ಸ್ನಾನಕ್ಕೆ ಹೋದಾಗ ಮನೆ ಬಿಟ್ಟ. ಊಟದ ವಿರಾಮದಲ್ಲಿ ಶಾಟ್ ಬ್ಲಾಸ್ಟಿಂಗ್ ಯಂತ್ರದ ಹತ್ತಿರ ಕೆಲಸ ಮಾಡುವ ಸಾತ್ವಿಕನ ಮುಂದಿಟ್ಟ. ಆ ಯಂತ್ರ ಸಾಸಿವೆಯಷ್ಟು ಉಕ್ಕಿನ ಗುಂಡುಗಳನ್ನು ಬಿರುಗಾಳಿಯಂತೆ ಎರಚಿ, ಕಬ್ಬಿಣದ ಮೈಮೇಲಿನ ತುಕ್ಕು, ಮಸಿ, ಹಳೆಯ ನೆನಪು ಎಲ್ಲವನ್ನೂ ಕಿತ್ತು ಹಾಕುತ್ತದೆ. ಆಮೇಲೆ ಅವಧೂತನೇ ಪಾಲಿಶ್ ಚಕ್ರಕ್ಕೆ ಹಿಡಿದು ಉಜ್ಜಿದ. ಕಾವಲಿ ಮದುಮಗಳ ಹಾಗೆ ಹೊಳೆಯಿತು. ಬಗ್ಗಿ ನೋಡಿದರೆ ತನ್ನ ಮುಖವೇ ಕಾಣುತ್ತಿತ್ತು, ಅದೂ ಬಹಳ ಬುದ್ಧಿವಂತನ ಮುಖದಂತೆ. ಅಳತೆಯ ಉಪಕರಣ ಹಚ್ಚಿ ನುಣುಪನ್ನು ಪರೀಕ್ಷಿಸಿದ. ಅಷ್ಟು ನುಣುಪಾದ ತುಂಡು ಆ ತಿಂಗಳಲ್ಲಿ ಇನ್ನೊಂದು ಬಂದಿರಲಿಲ್ಲ.

"ವಹಿನಿ ಖುಷ್ ಹೋತೀಲ್," ಎಂದ ಸಾತ್ವಿಕ. ಅತ್ತಿಗೆ ಖುಷಿಯಾಗುತ್ತಾರೆ.

ಸಂಜೆ ಅವಧೂತ ಪೊಟ್ಟಣವನ್ನು ಹೆಂಡತಿಯ ಮಡಿಲಲ್ಲಿಟ್ಟ. "ಕಣ್ಣ ಮುಚ್ಚು," ಎಂದ. "ಈಗ ತಗಿ."

ದೀಕ್ಷಿತಾ ಪೇಪರು ಸರಿಸಿ ನೋಡಿದಳು. "ಇದು ಯಾರದ್ದು?"

"ನಿಂದs!"

"ನನ್ನದು ಕಪ್ಪಗಿನದ್ದು."

"ಅದs ಇದು. ಎಲ್ಲಾ ತಗಸೀನಿ. ನೋಡ, ಒಂದು ಕಲೆ ಇಲ್ಲ. ಇನ್ನ ಮ್ಯಾಲೆ ಒರಸೂದು ಗಿರಸೂದು ಏನೂ ಬ್ಯಾಡ. ಸಾಬೂನ ಹಚ್ಚಿ ಪಾತ್ರಿ ಜೋಡಿ ತೊಳದಬಿಡೂದು. ಕೆಲಸ ಮುಗೀತು."

ಅವಳು ಎಡಗೈ ಬೆರಳನ್ನು ಕಾವಲಿಯ ಮೇಲೆ ಒಮ್ಮೆ ಎಳೆದಳು. ಬೈಯಲಿಲ್ಲ. ಬೈಯದಿದ್ದದ್ದೇ ಅವನಿಗೆ ಮೊದಲ ಅಪಶಕುನ. ಅವಳು ಎದ್ದು, ಫ್ರಿಜ್ಜಿನಲ್ಲಿದ್ದ ಹಿಟ್ಟು ತೆಗೆದು, ಒಂದೇ ಕೈಯಲ್ಲಿ ಒಲೆ ಹಚ್ಚಿ, ಎಣ್ಣೆ ಸವರಿ, ಒಂದು ಸೌಟು ಹೊಯ್ದಳು. "ಎಬ್ಬಿಸು," ಎಂದು ಸಟ್ಟುಗವನ್ನು ಅವನ ಕೈಗೆ ಕೊಟ್ಟಳು.

ಅವನು ಅಂಚಿನಿಂದ ಎಬ್ಬಿಸಲು ನೋಡಿದ. ನಡುವಿನಿಂದ ನೋಡಿದ. ಕೊನೆಗೆ ಕೆರೆದ. ಸುಣ್ಣದ ಗೋಡೆಯಿಂದ ಹಳೆಯ ಪೋಸ್ಟರು ಕಿತ್ತಂತೆ ಚೂರು ಚೂರಾಗಿ ಬಂತು.

"ಅದರ ಮೇಲೆ ಇದ್ದದ್ದು ಕೊಳೆ ಅಲ್ಲ ಮಾರಾಯ," ಎಂದಳು ದೀಕ್ಷಿತಾ. ಚೂರುಗಳನ್ನು ಎಡಗೈಯಿಂದ ತಟ್ಟೆಗೆ ಎತ್ತಿಟ್ಟಳು. "ಅಜ್ಜಿ ಪಳಗಿಸಿದ್ದು. ಅಮ್ಮ ಪಳಗಿಸಿದ್ದು. ಕೇಳಬಾರದಿತ್ತಾ ಒಂದು ಮಾತು?"

"ಆಶ್ಚರ್ಯ ಆಗ್ಲಿ ಅಂತ…"

"ಆಯ್ತಲ್ಲ."

ಮರುದಿನ ಲೀಲಾಕ್ಷಿ ಬಂದರು. ಅವರು ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೆ ಹೋಗಿ, ಕಾವಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಅಳಿಯನಿಗೆ ಕೊನೆಗೂ ಗೊತ್ತಾಗಲಿಲ್ಲ.

"ಎಂತ ಮಾರಾಯ್ರೆ ಇದು? ಕನ್ನಡಿ ಮಾಡಿದ್ದೀರಲ್ಲ! ಇದರಲ್ಲಿ ತಲೆ ಬಾಚಬಹುದು."

"ತಪ್ಪಾತರಿ ಅತ್ತಿ."

"ತಪ್ಪು ಒಪ್ಪು ಇರಲಿ. ಮಗಳನ್ನು ಕರ್ಕೊಂಡು ಹೋಗ್ತೇನೆ. ಕೈ ಸರಿಯಾಗುವವರೆಗೆ ಅಲ್ಲಿರಲಿ. ಇಲ್ಲಿ ಇನ್ನೂ ಎಂತೆಂತ ಹೊಳೆಯುವುದು ಬಾಕಿ ಉಂಟೋ."

ಅವಧೂತ ಹೆಂಡತಿಯ ಮುಖ ನೋಡಿದ. ಹೋಗುವುದಿಲ್ಲ ಎನ್ನುತ್ತಾಳೆಂದು ಕಾದ. ಅವಳು ಒಂದು ಕೈಯಿಂದಲೇ ಬಟ್ಟೆ ತುಂಬುತ್ತಿದ್ದಳು.

"ದೀಕ್ಷಿತಾ, ನಿಮ್ಮಪ್ಪಾರ ಹೋಟೆಲದಾಗಿಂದ ಬ್ಯಾರೆ ಕಾವಲಿ ತರ್ತೀನಿ. ಇವತ್ತs ತರ್ತೀನಿ."

"ಬೇಡ. ಇದೇ ಆಗಬೇಕು. ನಿನಗೆ ಬೇಸರ ಬಂತು, ಅದಕ್ಕೆ ನಮ್ಮದನ್ನು ಉಜ್ಜಿ ತೆಗೆದೆ. ಇದರಲ್ಲಿ ದೋಸೆ ಎದ್ದ ದಿನ ಫೋನ್ ಮಾಡು. ಬರ್ತೇನೆ."

"ಏಳಲಿಲ್ಲಂದ್ರ?"

ಅವಳು ಚೀಲದ ಜಿಪ್ಪು ಎಳೆದಳು. ಲೀಲಾಕ್ಷಿ ಮಾತ್ರ ಬಾಗಿಲಲ್ಲಿ ನಿಂತು, ಅಳಿಯನ ಮುಖ ನೋಡಲಾರದೆ, ಗೋಡೆಗೆ ಹೇಳುವಂತೆ ವಿಧಾನ ಹೇಳಿದರು. ಗಂಜಿ ತಿಳಿಯಲ್ಲಿ ನೆನೆಹಾಕಬೇಕು. ಸಣ್ಣ ಉರಿಯಲ್ಲಿಟ್ಟು ಅರ್ಧ ನೀರುಳ್ಳಿಯಿಂದ ಎಣ್ಣೆ ಉಜ್ಜಬೇಕು. ಒರೆಸಬೇಕು. ಮತ್ತೆ ಉಜ್ಜಬೇಕು. ದಿನಾ. "ಎಷ್ಟು ದಿನರಿ?" ಎಂದು ಇವನು ಕೇಳಿದ. "ಅದು ನಮಗೆ ಗೊತ್ತಿಲ್ಲ," ಎಂದರು ಲೀಲಾಕ್ಷಿ. "ನಾವು ಯಾರೂ ಹೀಗೆ ಮಾಡಿದವರಲ್ಲ."

ಮನೆ ಖಾಲಿಯಾದ ಮೇಲೆ ಅವಧೂತ ಧಾರವಾಡಕ್ಕೆ ಫೋನು ಹಚ್ಚಿದ. ಒಂದಿಷ್ಟು ಸಮಾಧಾನ ಸಿಗಬಹುದೆಂಬ ಆಸೆ. ತಾಯಿ ಪೂರ್ತಿ ಕೇಳಿ, "ಅಲ್ಲೋ, ನಿಮ್ಮ ಕಂಪನ್ಯಾಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು? ಪಾಪ, ಆ ಹುಡುಗಿ ಕೈ ಮುರಕೊಂಡು ಕುಂತಾಳ," ಎಂದು ಫೋನಿಟ್ಟರು. ಎರಡು ಸೀಮೆಯ ಹೆಂಗಸರು ಅವನ ವಿಷಯದಲ್ಲಿ ಮೊದಲ ಸಲ ಒಂದಾಗಿದ್ದರು.

ಕಂಪನಿಯಲ್ಲಿ ಸಾತ್ವಿಕ ಕೇಳಿದ, "ಮಗ? ವಹಿನಿ ಕಾಯ್ ಮ್ಹಣಾಲ್ಯಾ?" ಮತ್ತೆ, ಅತ್ತಿಗೆ ಏನಂದರು?

"ಲೈ ಖುಷ್," ಎಂದ ಅವಧೂತ. ಬಹಳ ಖುಷಿ.

"ಮಗ ಉದ್ಯಾ ಮೀ ಆಯೀಚಾ ತವಾ ಆಣ್ತೋ!" ಹಾಗಾದರೆ ನಾಳೆ ನಾನು ನಮ್ಮಮ್ಮನ ತವಾ ತರುತ್ತೇನೆ.

"ನಕೋ!" ಬೇಡವೆಂದು ಅವಧೂತ ಕೂಗಿದ ರಭಸಕ್ಕೆ ಫೋರ್ಕ್‌ಲಿಫ್ಟ್ ಓಡಿಸುವವನು ಬ್ರೇಕು ಹಾಕಿದ.

ದಿನಗಳು ಸುರುವಾದವು. ಬೆಳಿಗ್ಗೆ ಎದ್ದು ಗಂಜಿ ತಿಳಿ ಚೆಲ್ಲುವುದು, ಕಾವಲಿ ಒರೆಸುವುದು, ಉರಿ ಹಚ್ಚುವುದು, ಉಳ್ಳಾಗಡ್ಡಿ ಚುಚ್ಚಿಕೊಂಡು ಎಣ್ಣೆ ತಿಕ್ಕುವುದು. ಒಂದು ದೋಸೆ ಹೊಯ್ಯುವುದು. ಅದು ಹಿಡಿಯುವುದು. ಕೆರೆಯುವುದು. ಕೆರೆದದ್ದನ್ನು ಚಟ್ನಿಪುಡಿ ಹಾಕಿಕೊಂಡು ನಿಂತಲ್ಲೇ ತಿಂದು ಬಸ್ಸಿಗೆ ಓಡುವುದು. ಅವನ ಅಂಗಿಗೆ, ಬ್ಯಾಗಿಗೆ, ಕಾರ್ಖಾನೆಯ ಹೆಲ್ಮೆಟ್ಟಿಗೆ ಸುಟ್ಟ ಉಳ್ಳಾಗಡ್ಡಿಯ ವಾಸನೆ ಹತ್ತಿತು. ಬಸ್ಸಿನಲ್ಲಿ ಪಕ್ಕದ ಸೀಟಿನವನು ಮುಖ ಕಿಟಕಿಗೆ ತಿರುಗಿಸಿ ಕೂರತೊಡಗಿದ.

ನಡುವೆ ಒಂದು ಸಲ ಅವನ ಕಂಪನಿ ಬುದ್ಧಿ ಎದ್ದಿತು. ದಿನಾ ಸ್ವಲ್ಪ ಸ್ವಲ್ಪ ಯಾಕೆ, ಒಂದೇ ಸಲಕ್ಕೆ ಎಲ್ಲ ಎಣ್ಣೆ ಕುಡಿಸಿ ದೊಡ್ಡ ಉರಿಯಲ್ಲಿ ಕಾಯಿಸಿದರೆ ತಿಂಗಳ ಕೆಲಸ ಒಂದು ತಾಸಿನಲ್ಲಿ ಮುಗಿಯುವುದಿಲ್ಲವೇ? ಕಾವಲಿ ತುಂಬ ಎಣ್ಣೆ ಹೊಯ್ದು ಉರಿ ಏರಿಸಿದ. ಅಡಿಗೆಮನೆ ಹೊಗೆಯಿಂದ ತುಂಬಿತು. ಎದುರು ಮನೆಯ ಗೋದಾ ಮಾವಶಿ ಬಾಗಿಲು ಬಡಿದು, "ಆಗ್ ಲಾಗ್ಲೀ ಕಾ ರೇ?" ಎಂದು, ಬೆಂಕಿ ಬಿದ್ದಿತೇ ಎಂದು, ಬಕೆಟ್ಟು ಹಿಡಿದು ನಿಂತರು. ಹೊಗೆ ಅಡಗಿದ ಮೇಲೆ ನೋಡಿದರೆ ಕಾವಲಿಯ ಮೇಲೆ ಬೆಲ್ಲದ ಪಾಕದಂಥ ಅಂಟು. ಬೆರಳಿಟ್ಟರೆ ಬೆರಳೇ ಹಿಡಿಯುತ್ತಿತ್ತು. ಅದನ್ನೆಲ್ಲ ತಿಕ್ಕಿ ತೆಗೆದು ಮೊದಲಿನಿಂದ ಸುರು ಮಾಡಬೇಕಾಯಿತು. ಆ ದಿನ ಅವನು ಸಟ್ಟುಗವನ್ನು ಬಾಲ್ಕನಿಗೆ ಎಸೆದ. ಆಮೇಲೆ ಹೋಗಿ ತಾನೇ ಎತ್ತಿ ತಂದು, ತೊಳೆದು, ಜಾಗದಲ್ಲಿಟ್ಟ. ಸಿಟ್ಟು ಮಾಡಿದರೂ ಅದರ ಪಾತ್ರೆ ತೊಳೆಯುವವನು ತಾನೇ ಎಂಬುದು ಅವನ ಸಿಟ್ಟಿಗೆ ಮತ್ತಷ್ಟು ತುಪ್ಪ ಸುರಿಯಿತು.

ಬಿಳಿ ಅಂಗಿಯ ಮನುಷ್ಯ ಹೇಳಿದ ಅರ್ಥ ಯಾವ ಬೆಳಿಗ್ಗೆಯೂ ಬರಲಿಲ್ಲ. ಬಂದದ್ದು ಬೇಸರ, ಅದೂ ತಪ್ಪದೆ. ಉಜ್ಜುತ್ತ ಉಜ್ಜುತ್ತ ಅವನಿಗೆ ಲೀಲಾಕ್ಷಿಯ ನೆನಪಾಗುತ್ತಿತ್ತು. ಹೋಟೆಲು ಸುರುವಾದ ಹೊಸದರಲ್ಲಿ, ಒಬ್ಬರೇ, ಇದೇ ಕಾವಲಿಯ ಮುಂದೆ ನಿಂತು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ದೋಸೆ ಹೊಯ್ದವರು. ಅವರ ಅತ್ತೆ ಊರಲ್ಲಿ ಮನೆ ತುಂಬ ಜನಕ್ಕೆ ಹೊಯ್ದವರು. ಅವರಿಗೇನು ಬೇಸರ ಬಂದಿರಲಿಲ್ಲವೇ? ಬಂದಿರುತ್ತದೆ, ದಿನಾ ಬಂದಿರುತ್ತದೆ. ಆ ಬೇಸರದ ಮೇಲೆ ಒಂದು ಕೈ ಎಣ್ಣೆ, ಮರುದಿನದ ಬೇಸರದ ಮೇಲೆ ಇನ್ನೊಂದು ಕೈ. ಹಾಗೆ ಕೂಡಿದ ಕರಿ ಅದು. ಎರಡು ತಲೆಮಾರಿನ ಹೆಂಗಸರ ಬೇಸರವನ್ನು ಅವನು ಒಂದು ಊಟದ ವಿರಾಮದಲ್ಲಿ ಉಜ್ಜಿ ತೆಗೆದು, ನುಣುಪು ಅಳೆದು, ಪಾಸು ಮಾಡಿದ್ದ. ಇದು ತಿಳಿದದ್ದರಿಂದ ಕೆಲಸವೇನೂ ಹಗುರವಾಗಲಿಲ್ಲ. ಮೊದಲು ಬರೀ ಬೇಸರವಿತ್ತು, ಈಗ ಜೊತೆಗೆ ನಾಚಿಕೆಯೂ ಬಂತು.

ಕಾವಲಿ ನಿಧಾನಕ್ಕೆ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದು, ನಡುವೆ ಒಂದು ಅಂಗೈಯಗಲ ಕಪ್ಪು. ಒಂದು ಭಾನುವಾರ ಅವನು ಆ ಕಪ್ಪಿನ ಮೇಲೆಯೇ ಒಂದು ಸಣ್ಣ ಉದ್ದಿನ ದೋಸೆ ಹೊಯ್ದು, ಏಳುವುದಿಲ್ಲವೆಂಬ ನಂಬಿಕೆಯಿಂದಲೇ ಸಟ್ಟುಗ ತೂರಿಸಿದ. ದೋಸೆ ಎದ್ದಿತು. ಸಟ್ಟುಗದ ಮೇಲೆ ಕೂತು, ಏನಾಯಿತೆಂದು ಅದಕ್ಕೇ ತಿಳಿಯದಂತೆ ನಡುಗುತ್ತಿತ್ತು.

ಅವಧೂತ ಒಂದು ಕೈಯಲ್ಲಿ ಸಟ್ಟುಗ ಹಿಡಿದೇ ಫೋನು ಹಚ್ಚಿದ. "ಎದ್ದಿತು!"

"ಯಾರು?" ಎಂದಳು ದೀಕ್ಷಿತಾ ನಿದ್ದೆಗಣ್ಣಿನಲ್ಲಿ.

"ದೋಸಿ! ಪೂರ್ತಿ! ಹರೀಲಿಲ್ಲ!"

ಅತ್ತ ಕಡೆ ಹಾಸಿಗೆಯಲ್ಲಿ ಎದ್ದು ಕೂತ ಸದ್ದು. "ಇನ್ನೊಂದು ಹೊಯ್ಯಿ. ನಾನು ಲೈನಿನಲ್ಲೇ ಇರ್ತೇನೆ."

ಅವನು ಫೋನನ್ನು ಡಬ್ಬಿಗೆ ಒರಗಿಸಿ ಇನ್ನೊಂದು ಹೊಯ್ದ. ಹುರುಪಿನಲ್ಲಿ ದೋಸೆ ಸ್ವಲ್ಪ ದೊಡ್ಡದಾಯಿತು, ಕಪ್ಪನ್ನು ದಾಟಿ ಕಂದಿಗೆ ಹೋಯಿತು. ಸಟ್ಟುಗ ತೂರಿಸಿದ. ಅರ್ಧ ಬಂತು. ಇನ್ನರ್ಧ, ತನ್ನ ಮನೆ ಇದೇ ಎಂಬಂತೆ, ಕಚ್ಚಿಕೊಂಡು ಕೂತಿತು.

"ಎದ್ದಿತಾ?"

ಅವನು ಸಟ್ಟುಗ ಕೆಳಗಿಟ್ಟು ಫೋನಿನ ಕಡೆ ನೋಡಿದ. ಅವಳಿಗೆ ಕಾಣುವುದಿಲ್ಲ. ಹೂಂ ಎಂದರೆ ಮಧ್ಯಾಹ್ನದೊಳಗೆ ಮನೆಯಲ್ಲಿರುತ್ತಾಳೆ. ಬಂದ ಮೇಲೆ ಏನಾದರೂ ಹೇಳಿಕೊಳ್ಳಬಹುದು. ಸಂಬಳಕ್ಕಾಗಿ ತಪ್ಪು ಹುಡುಕುವ ಮನುಷ್ಯನ ಬಾಯಿಯಿಂದ ಆ ಒಂದು ಅಕ್ಷರ ಹೊರಡಲಿಲ್ಲ.

"ಹಿಡೀತು," ಎಂದ. "ಅರ್ಧಾ ಹಿಡೀತು."

ಮುಗಿಯಿತು, ಇನ್ನೂ ಒಂದು ತಿಂಗಳು ಎಂದುಕೊಂಡ.

"ಉರಿ ಎಷ್ಟಿಟ್ಟಿದ್ದಿ?"

"ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ, ನಡುಕಿನ ಉರಿ."

"ನಡುಕಿನ ಉರಿ ಅಂದ್ರೆ ಎಂತ? ಹಿಟ್ಟು ಹೊಯ್ಯುವ ಮೊದಲು ನೀರು ಚಿಮುಕಿಸಿದ್ದೀಯಾ?"

"ಅದನ್ನ ಯಾರ ಹೇಳ್ಯಾರ ನನಗ?"

"ಹೇಳಬೇಕಾ ಅದನ್ನೂ? ಮದುವೆಯಾಗಿ ಇಷ್ಟು ದಿನ ಎದುರು ಕೂತು ತಿಂದದ್ದಲ್ವಾ? ನೋಡ್ಲೇ ಇಲ್ವಾ ನಾನು ಎಂತ ಮಾಡ್ತೇನೆ ಅಂತ?"

"ನಾ ದೋಸಿ ನೋಡ್ತಿದ್ದೆ."

"ಅದೇ ನಿನ್ನ ರೋಗ! ಈಗ ಉರಿ ಸಣ್ಣ ಮಾಡು. ಮಾಡಿದ್ದೀಯಾ? ಹೊಗೆ ಬರ್ತಾ ಉಂಟಾ? ಯಾವ ಬಣ್ಣದ್ದು?"

"ಹೊಗಿ ಹೊಗಿ ಬಣ್ಣದ್ದs ಅದ!"

"ಅಯ್ಯೋ ದೇವರೇ," ಎಂದಳು ದೀಕ್ಷಿತಾ. "ಒಲೆ ಬಂದ್ ಮಾಡು. ಎಂತದೂ ಮುಟ್ಟಬೇಡ. ನಾನು ಬರ್ತೇನೆ. ಫೋನಿನಲ್ಲಿ ಬೈದರೆ ನಿನಗೆ ತಾಗುವುದೇ ಇಲ್ಲ."

ಶಿವಾಜಿನಗರದಿಂದ ಮೆಟ್ರೋ ಹಿಡಿದು ಅವಳು ಒಬ್ಬಳೇ ಬಂದಳು, ಭುಜಕ್ಕೊಂದು ಚೀಲ, ಕೊರಳಿಗೆ ಕಟ್ಟಿದ ಪ್ಲಾಸ್ಟರಿನ ಕೈ. ಬಂದವಳು ಅವನನ್ನು ನೋಡುವ ಮೊದಲು ಕಾವಲಿ ನೋಡಿದಳು. ಬೆರಳು ಎಳೆದಳು. ಆಮೇಲೆ ಚೀಲವನ್ನು ಒಳಗಿನ ಕೋಣೆಯಲ್ಲಿ ಇಟ್ಟು ಬಂದಳು. ಅವಧೂತ ಅದನ್ನು ಗಮನಿಸಿದ, ಗಮನಿಸದವನ ಹಾಗೆ ಒಲೆ ಒರೆಸಿದ.

"ಹಚ್ಚು. ಇನ್ನೂ ಸಣ್ಣ. ನೀರು ಚಿಮುಕಿಸು. ಅಷ್ಟಲ್ಲ, ಕಾವಲಿಗೆ ಸ್ನಾನ ಮಾಡಿಸುವುದಾ? ಒರೆಸು. ಈಗ ಹೊಯ್ಯಿ. ಅವಸರ ಮಾಡಬೇಡ. ಬೇಡ ಅಂದೆ ಅಲ್ವಾ! ಅಂಚು ಅದೇ ಬಿಡ್ತದೆ, ಕಾಯಿ."

ಅಂಚು ಬಿಟ್ಟಿತು. ಪೂರ್ತಿ ಎದ್ದಿತು. ಮುಂದಿನದು ಹಿಡಿಯಿತು. ಅದರ ಮುಂದಿನದು ಎದ್ದಿತು. ದೀಕ್ಷಿತಾ ಎಡಗೈಯಿಂದ ಮುರಿದು ತಿಂದು, "ಅಂಚು ಹಸಿ ಉಂಟು," ಎಂದಳು. ಆದರೂ ತಟ್ಟೆ ಮತ್ತೆ ಮುಂದೆ ಚಾಚಿದಳು.

ಪ್ಲಾಸ್ಟರ್ ತೆಗೆದ ದಿನ ಅವಧೂತನಿಗೆ ಹೆಂಡತಿಗಿಂತ ಹೆಚ್ಚು ಬಿಡುಗಡೆಯಾದಂತೆ ಅನ್ನಿಸಿತ್ತು. ಮರುದಿನ ಬೆಳಿಗ್ಗೆ ಅವನು ಅಂಗಿ ತೊಟ್ಟು, ಬ್ಯಾಗು ಏರಿಸಿ, ಅಡಿಗೆಮನೆಯ ಬಾಗಿಲಲ್ಲಿ ನಿಂತ. ದೀಕ್ಷಿತಾ ಮೇಜಿನ ಮುಂದೆ ಕೂತಿದ್ದಳು, ಖಾಲಿ ತಟ್ಟೆ ಇಟ್ಟುಕೊಂಡು.

"ಈಗ ನೀ ಹೊಯ್ಯಬಹುದಲ್ಲ," ಎಂದ.

"ನಾನು ನಿನ್ನೆಯೇ ನೋಡಿದೆ. ನನ್ನ ಕೈಗೆ ಅದು ಏಳುವುದಿಲ್ಲ. ಎಲ್ಲಿ ಬಿಡ್ತದೆ, ಎಲ್ಲಿ ಹಿಡೀತದೆ ಅಂತ ನಿನಗೇ ಗೊತ್ತಿರುವುದು. ಪಳಗಿಸಿದವರೇ ಹೊಯ್ಯಬೇಕು."

"ಎಷ್ಟ ದಿನ?"

"ಪೂರ್ತಿ ಕಪ್ಪಾಗುವವರೆಗೆ."

"ಅದು ಎಂದ ಆಗಬೇಕು? ನನ್ನ ಬಸ್ಸು ಹೊಂಟತಿ ದೀಕ್ಷಿತಾ!"

"ಹೋಗಲಿ, ಸಿಟಿ ಬಸ್ಸು ಉಂಟಲ್ಲ. ಎರಡು ಸಾಕು ನನಗೆ."

ಅವನು ಬ್ಯಾಗು ಇಳಿಸಿದ. ಗೊಣಗುತ್ತ ಒಲೆ ಹಚ್ಚಿದ, ಗೊಣಗುತ್ತ ಅರ್ಧ ಉಳ್ಳಾಗಡ್ಡಿ ಕೊಯ್ದ. ಕೆಳಗೆ ರಸ್ತೆಯಲ್ಲಿ ಕಂಪನಿಯ ಬಸ್ಸು ಎರಡು ಸಲ ಹಾರ್ನು ಹೊಡೆದು ಹೋಯಿತು. ಮೊದಲನೆಯ ದೋಸೆ ಹಿಡಿಯಿತು. ಬಾಯಿಗೆ ಬಂದ ಬೈಗುಳವನ್ನು ಧಾರವಾಡದ ಮಾತಿನಲ್ಲಿಯೇ ಕಾವಲಿಗೆ ಬೈದು, ಕೆರೆದು, ಒರೆಸಿ, ಇನ್ನೊಂದು ಕೈ ಎಣ್ಣೆ ಸವರಿದ.